ಕುತ್ತಿಗೆ ನೋಡುವ ಕೆಲಸ

ನಮ್ಮ ಪರಿಚಯದ ಮನೆಗಳ ಮಕ್ಕಳಲ್ಲಿ ಇಬ್ಬರು ಮೂವರು ಈಗ ವಿಡಿಯೋ ನೋಡಿ ಆಟಗಾರರನ್ನು ಅಳೆಯುವ ಕೆಲಸಕ್ಕೆ ಸೇರಿದ್ದಾರೆ. ಅವರಲ್ಲಿ ಒಬ್ಬಳು ಸ್ನೇಹಾ. ಆಕ್ಲೆಂಡಿನಲ್ಲೇ ಹುಟ್ಟಿದವಳು. ಕಳೆದ ಬೇಸಿಗೆಯಲ್ಲಿ ಅವರ ಮನೆಗೆ ಊಟಕ್ಕೆ ಹೋಗಿದ್ದಾಗ ಪಕ್ಕದಲ್ಲಿ ಬಂದು ಕುಳಿತಳು.

"ಆಂಟಿ, ನೀವು ವಿಡಿಯೋ ಅನಲಿಸ್ಟ್ ಆಗಿದ್ರಂತೆ, ಅಮ್ಮ ಹೇಳಿದ್ರು. ಸೀರಿಯಸ್ಲೀ?"

"ಹಂಗೆ ಯಾರೂ ಕರೀತಿರ್ಲಿಲ್ಲಮ್ಮ. ಟೇಪ್ ನೋಡೋಳು ಅಂತಿದ್ರು."

"ಬರೀರಿ ಅದನ್ನ. ನಂಗೆ ಕನ್ನಡ ಓದೋಕೆ ಬರಲ್ಲ, ಅಮ್ಮ ಓದಿ ಹೇಳ್ತಾರೆ."

ಆದ್ದರಿಂದ ನಮ್ಮ ಕನ್ನಡ ಕೂಟದ ಈ ಪತ್ರಿಕೆಗೆ ಬರೆಯುತ್ತಿದ್ದೇನೆ. ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ, ಅದೂ ಪಾಸಾಗಲಿಲ್ಲ. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಬೆಳೆದವಳು, ತಂದೆ ಫಿಟ್ಟರ್. ಶಾಲೆಯಲ್ಲಿ ನನಗೆ ಬರುತ್ತಿದ್ದುದು ಥ್ರೋಬಾಲ್ ಒಂದೇ. ಮದುವೆಯಾಗಿ ಇಲ್ಲಿಗೆ ಬಂದೆ. ಕೆಲಸ ಹುಡುಕಿಕೊಂಡು ಸಿಡ್ನಿಗೆ ಹೋದ ಗಂಡ ಅಲ್ಲೇ ಉಳಿದರು. ನಾನು ಆಕ್ಲೆಂಡಿನ ಈಸ್ಟ್ ತಮಾಕಿ ಬಡಾವಣೆಯ ಒಂದು ರಟ್ಟಿನ ಪೆಟ್ಟಿಗೆ ಗೋದಾಮಿನಲ್ಲಿ ಪ್ಯಾಕಿಂಗ್ ಮಾಡಿಕೊಂಡಿದ್ದೆ.

ಆ ಗೋದಾಮಿನ ಮಹಡಿಯನ್ನು ಡೇಲ್ ಎಂಬ ಅಮೆರಿಕದವನು ಬಾಡಿಗೆಗೆ ಹಿಡಿದಿದ್ದ. ತನ್ನ ದೇಶದ ಯಾವುದೋ ಸಣ್ಣ ಕಾಲೇಜಿನಲ್ಲಿ ಫುಟ್‌ಬಾಲ್ ಕೋಚ್ ಆಗಿದ್ದವನು, ಇಲ್ಲಿನ ಹೆಂಡತಿಯ ಹಿಂದೆ ಬಂದು ನೆಲೆ ನಿಂತಿದ್ದ. ಕೆಲಸಕ್ಕೆ ಇಬ್ಬರು ಬೇಕೆಂದು ಕೆಳಗಿಳಿದು ಬಂದಾಗ ಅವನು ಕೇಳಿದ್ದು ಒಂದೇ ಪ್ರಶ್ನೆ: ಅಮೆರಿಕದ ಫುಟ್‌ಬಾಲ್ ಬಗ್ಗೆ ಯಾರಿಗೆ ಏನೂ ಗೊತ್ತಿಲ್ಲ? ನಾನೂ ಸಿನಾ ಎಂಬ ಸಮೋವಾದ ಹೆಂಗಸೂ ಕೈ ಎತ್ತಿದೆವು. ಆಟ ಗೊತ್ತಿದ್ದವರು ಹೆಸರು ಕೇಳಿ ಅಂಕ ಹಾಕುತ್ತಾರೆ, ನನಗೆ ಹೆಸರು ಗೊತ್ತಿಲ್ಲದವರು ಬೇಕು ಎಂದ. ಎರಡು ಸಾವಿರದ ದಶಕ ಆಗಷ್ಟೇ ಶುರುವಾಗಿತ್ತು.

ಆಟವನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಅಮೆರಿಕದ ಫುಟ್‌ಬಾಲ್ ಕಾಲಲ್ಲಿ ಒದೆಯುವ ಆಟವಲ್ಲ. ತಲೆಗೆ ಹೆಲ್ಮೆಟ್, ಹೆಗಲಿಗೆ ದಿಂಬಿನಂಥ ಕವಚ ಹಾಕಿಕೊಂಡು, ಮೊಟ್ಟೆಯಾಕಾರದ ಚೆಂಡನ್ನು ಎದುರಾಳಿಯ ಗಡಿಯೊಳಗೆ ಒಯ್ಯುವ ಆಟ. ಅದರಲ್ಲಿ ಕ್ವಾರ್ಟರ್‌ಬ್ಯಾಕ್ ಎಂಬವನ ಕೈಗೆ ಪ್ರತಿ ಸಲ ಚೆಂಡು ಬರುತ್ತದೆ. ಎದುರಿನವರು ಅವನನ್ನು ಕೆಡವಲು ನುಗ್ಗಿ ಬರುವಷ್ಟರಲ್ಲಿ, ಚದುರಿ ಓಡುತ್ತಿರುವ ತನ್ನ ನಾಲ್ಕೈದು ಜನರಲ್ಲಿ ಯಾರಿಗೆ ಎಸೆಯಬೇಕೆಂದು ಅವನು ತೀರ್ಮಾನಿಸಬೇಕು. ಅಲ್ಲಿನ ಕಾಲೇಜುಗಳಲ್ಲಿ ಹೀಗೆ ಆಡುವ ಹುಡುಗರು ನೂರಾರು ಮಂದಿ. ಸಂಬಳ ಕೊಟ್ಟು ಆಡಿಸುವ ದೊಡ್ಡ ತಂಡಗಳಿಗೆ ತಕ್ಕವರು ಬೆರಳೆಣಿಕೆ. ಯಾರು ತಕ್ಕವರೆಂದು ಆ ತಂಡಗಳಿಗೆ ಸಲಹೆ ಮಾರುವ ಒಂದು ಕಂಪನಿ ಡೇಲನಿಗೆ ಟೇಪು ಕಳಿಸುತ್ತಿತ್ತು. ನಾವು ನೋಡಿ ಬರೆದದ್ದನ್ನು ಅವನು ತಿದ್ದಿ ಫ್ಯಾಕ್ಸ್ ಮಾಡುತ್ತಿದ್ದ.

ಮಹಡಿಯ ಕೋಣೆ ಇಕ್ಕಟ್ಟು. ಕಿಟಕಿಗೆ ಕಪ್ಪು ಬಟ್ಟೆ, ಪ್ರೊಜೆಕ್ಟರಿನಿಂದ ಗೋಡೆ ತುಂಬ ಬೀಳುವ ಚಿತ್ರ. ಟೇಪಿನಲ್ಲಿ ಸದ್ದಿರುತ್ತಿರಲಿಲ್ಲ. ಮೈದಾನದ ಎತ್ತರದಿಂದ, ಇಪ್ಪತ್ತೆರಡು ಜನವೂ ಕಾಣುವಂತೆ ಕೋಚುಗಳಿಗಾಗಿ ಹಿಡಿದ ಚಿತ್ರ ಅದು. ಜನರ ಕೂಗಿಲ್ಲ, ಸ್ಕೋರಿಲ್ಲ, ಯಾರು ಗೆದ್ದರೆಂದೂ ತಿಳಿಯುವುದಿಲ್ಲ. ಮೊದಮೊದಲು ಸಿನಾ ಬೇಸರ ಕಳೆಯಲು ತಾನೇ ಕೂಗುತ್ತಿದ್ದಳು. "ಇಷ್ಟು ದಿಂಬು ಕಟ್ಟಿಕೊಂಡು ಆಡೋದಾದ್ರೆ ನಮ್ಮಜ್ಜಿನೂ ಆಡ್ತಾಳೆ," ಎನ್ನುತ್ತಿದ್ದಳು. ಅವಳ ಗಂಡುಮಕ್ಕಳು ಯಾವ ಕವಚವೂ ಇಲ್ಲದೆ ರಗ್ಬಿ ಆಡುವವರು.

ನಮ್ಮ ಕೆಲಸಕ್ಕೆ ಒಂದು ಕಟ್ಟುನಿಟ್ಟಾದ ನಿಯಮವಿತ್ತು. ಒಂದೇ ಟೇಪನ್ನು ಇಬ್ಬರು ಬೇರೆ ಬೇರೆ ಹೊತ್ತಿನಲ್ಲಿ ನೋಡಬೇಕು. ನೋಡಿದ್ದನ್ನು ಚೀಟಿಯಲ್ಲಿ ಬರೆದು ಬಿಸ್ಕತ್ತಿನ ಡಬ್ಬಿಗೆ ಹಾಕಬೇಕು. ಇಬ್ಬರ ಚೀಟಿಯೂ ಬೀಳುವವರೆಗೆ ಅದರ ಬಗ್ಗೆ ಒಂದು ಮಾತೂ ಆಡಬಾರದು. ಚೀಟಿಗಳು ಹೊಂದದಿದ್ದರೆ ಡೇಲ್ ತಾನೇ ಕುಳಿತು ನೋಡುತ್ತಿದ್ದ. "ಮಾತಾಡಿಕೊಂಡು ಬರೆದರೆ ಇಬ್ಬರಲ್ಲಿ ಒಬ್ಬರ ಸಂಬಳ ನನಗೆ ದಂಡ," ಎನ್ನುತ್ತಿದ್ದ.

ಮೊದಲ ವಾರ ನಾನು ಮಾಡಿದ ಎಡವಟ್ಟು ಕೇಳಿ. ಬಗ್ಗಿ ನಿಂತು ಕಾಲ ಸಂದಿಯಿಂದ ಚೆಂಡನ್ನು ಹಿಂದಕ್ಕೆ ಕೊಡುವ ದಢೂತಿ ಆಳೊಬ್ಬ ಇರುತ್ತಾನೆ. ಚೆಂಡು ಅವನಿಂದಲೇ ಹೊರಡುವುದರಿಂದ ಅವನೇ ನಾಯಕ ಎಂದುಕೊಂಡು ಇಡೀ ಟೇಪು ಅವನಿಗೆ ಅಂಕ ಹಾಕಿದ್ದೆ. "ಒಮ್ಮೆಯೂ ಎಸೆಯಲಿಲ್ಲ, ಸೋಮಾರಿ" ಎಂದು ಬರೆದಿದ್ದೆ. ಡೇಲ್ ಆ ಚೀಟಿಯನ್ನು ಗೋಡೆಗೆ ಅಂಟಿಸಿದ. ಆಫೀಸು ಮುಚ್ಚುವವರೆಗೂ ಅದು ಅಲ್ಲೇ ಇತ್ತು.

ಇನ್ನೊಂದು ತಪ್ಪು ತಿದ್ದಿಕೊಳ್ಳಲು ಒಂದು ಸೀಸನ್ನೇ ಹಿಡಿಯಿತು. ಕೆಲವು ಹುಡುಗರು ಚೆಂಡನ್ನು ಬೇಕೆಂದೇ ಗೆರೆಯಾಚೆ, ಯಾರೂ ಇಲ್ಲದ ಕಡೆ ಎಸೆಯುತ್ತಿದ್ದರು. ಅನ್ನದ ಅಗುಳು ಬಿದ್ದರೂ ಹೆಕ್ಕುವ ಮನೆಯಲ್ಲಿ ಬೆಳೆದ ನನಗೆ ಅದನ್ನು ನೋಡಿದರೆ ಮೈ ಉರಿಯುತ್ತಿತ್ತು. ಅಂಥವರಿಗೆಲ್ಲ ಕಡಿಮೆ ಅಂಕ. ಡೇಲ್ ಕೂರಿಸಿಕೊಂಡು ಹೇಳಿದ: "ಎಸೆಯಲು ಯಾರೂ ಸಿಗದಿದ್ದಾಗ ಕೈಬಿಡುವುದೂ ವಿದ್ಯೆ. ಕೈಬಿಡಲಾರದವನು ಚೆಂಡು ಹಿಡಿದುಕೊಂಡೇ ಪೆಟ್ಟು ತಿನ್ನುತ್ತಾನೆ, ತಂಡವನ್ನೂ ಮುಳುಗಿಸುತ್ತಾನೆ." ನಾನು ತಲೆಯಾಡಿಸಿದೆ. ಆದರೆ ಎಷ್ಟೋ ಕಾಲ ಆ ಮಾತು ಒಳಗೆ ಇಳಿಯಲಿಲ್ಲ.

ಡೇಲ್ ಕಲಿಸಿದ್ದರಲ್ಲಿ ಮುಖ್ಯವಾದದ್ದು ಕುತ್ತಿಗೆ. ಹೊಸಬರು ಚೆಂಡನ್ನು ನೋಡುತ್ತಾರೆ, ಸ್ವಲ್ಪ ಪಳಗಿದವರು ಕೈ ನೋಡುತ್ತಾರೆ, ನೀನು ಕುತ್ತಿಗೆ ನೋಡು ಎನ್ನುತ್ತಿದ್ದ. ಒಳ್ಳೆಯ ಹುಡುಗನಿಗೆ ಮೈದಾನದ ಅಂಚುಗಳು ಕಣ್ಣಂಚಿನಲ್ಲೇ ಕಾಣುತ್ತವೆ. ಅವನ ತಲೆ ಹೆಚ್ಚು ಅಲುಗದು. ಅಂಚು ಕಾಣದವನು ರಸ್ತೆ ದಾಟುವವನಂತೆ ತಲೆಯನ್ನು ಅತ್ತ ಪೂರ್ತಿ, ಇತ್ತ ಪೂರ್ತಿ ತಿರುಗಿಸುತ್ತಾನೆ. ಎತ್ತರದಿಂದ ಹಿಡಿದ ಚಿತ್ರದಲ್ಲಿ ಕಣ್ಣು ಕಾಣುವುದಿಲ್ಲ, ಹೆಲ್ಮೆಟ್ ತಿರುಗುವುದು ಕಾಣುತ್ತದೆ. ಮೂರು ನಾಲ್ಕು ವರ್ಷದಲ್ಲಿ ನಾನು ಬೇರೆ ಏನು ತಪ್ಪಿದರೂ ಕುತ್ತಿಗೆ ತಪ್ಪುತ್ತಿರಲಿಲ್ಲ. ಆ ಹುಡುಗರ ಮುಖ ನನಗೆ ಗೊತ್ತಿರಲಿಲ್ಲ. ದನಿ ಕೇಳಿರಲಿಲ್ಲ. ದೀಪಾವಳಿಯೂ ರಾಜ್ಯೋತ್ಸವವೂ ನಮ್ಮ ಸೀಸನ್ನಿನಲ್ಲೇ ಬರುತ್ತಿದ್ದುದರಿಂದ ಇಲ್ಲಿನ ಕನ್ನಡದವರೆಲ್ಲ ಹಾಲ್‌ನಲ್ಲಿ ಸೇರಿದ ಭಾನುವಾರಗಳಂದು ನಾನು ಕತ್ತಲೆಯಲ್ಲಿ ಆ ಕುತ್ತಿಗೆಗಳ ಜೊತೆ ಇರುತ್ತಿದ್ದೆ. ಮನೆಗೆ ಹೋದರೆ ಅಲ್ಲೂ ಯಾರಿಲ್ಲ. ಬಾಗಿಲು ತೆಗೆದೊಡನೆ ರೇಡಿಯೋ ಹಾಕುವುದು ಅಭ್ಯಾಸವಾಗಿಬಿಟ್ಟಿತ್ತು.

ಆಗ ನನ್ನ ತಮ್ಮ ಮಂಜು ಬಂದ. ನನಗಿಂತ ಎಂಟು ವರ್ಷ ಚಿಕ್ಕವನು, ಮದುವೆಯಾಗಿರಲಿಲ್ಲ. ಊರಲ್ಲಿ ಅವನು ಕೆಲಸ ಮಾಡುತ್ತಿದ್ದ ವರ್ಕ್‌ಶಾಪ್ ಮುಚ್ಚಿತ್ತು. ನಾನೇ ಡೇಲನ ಕಾಲು ಹಿಡಿದಂತೆ ಬೇಡಿ ಕೆಲಸ ಕೊಡಿಸಿದೆ. ಸಿನಾ ಟೇಪು ತರಿಸುವ ಕಳಿಸುವ ಕೆಲಸಕ್ಕೆ ಹೋದಳು, ಮಂಜು ನನ್ನ ಜೋಡಿಯಾದ.

ಬಂದ ಹೊಸದರಲ್ಲಿ ಒಂದು ತಮಾಷೆ ನಡೆಯಿತು. ಎಡಗೈಯಲ್ಲಿ ಎಸೆಯುವ ಹುಡುಗನೊಬ್ಬನಿಗೆ ನಾವಿಬ್ಬರೂ ತೀರ ಕಡಿಮೆ ಅಂಕ ಹಾಕಿದ್ದೆವು. ಚೀಟಿಗಳು ಹೊಂದಿದರೂ ಡೇಲನಿಗೆ ಅದೇಕೋ ಹಿಡಿಸಲಿಲ್ಲ. ಪ್ರೊಜೆಕ್ಟರಿನ ಗುಂಡಿ ಒತ್ತಿ, ಕನ್ನಡಿಯಲ್ಲಿ ಕಂಡಂತೆ ಚಿತ್ರವನ್ನು ಎಡಬಲ ಮಾಡಿ, ಇನ್ನೊಬ್ಬ ಹುಡುಗ ಎಂದು ಹೇಳಿ ಮತ್ತೆ ನೋಡಿಸಿದ. ಇಬ್ಬರೂ ಒಳ್ಳೆಯ ಅಂಕ ಕೊಟ್ಟೆವು. ಸಂಗತಿ ತಿಳಿದಾಗ ಮಂಜು ನನ್ನತ್ತ ನೋಡಿ ನಕ್ಕ.

"ಅಪ್ಪ ನನ್ ಎಡಗೈಗೆ ಸ್ಕೇಲಲ್ಲಿ ಬಾರಿಸ್ತಿದ್ದಾಗ ನೀನು ಲೆಕ್ಕ ಇಡ್ತಿದ್ದೆ, ನೆನಪಿದ್ಯಾ?"

"ನಾನೆಲ್ಲಿ ಲೆಕ್ಕ ಇಟ್ಟೆ? ಬಿಡಿಸ್ಕೊಳ್ಳೋಕೆ ಬರ್ತಿದ್ದೆ."

"ಬರ್ತಿದ್ದೆ, ಹತ್ತಾದ್ಮೇಲೆ."

ಆ ದಿನಗಳಲ್ಲಿ ನಾನು ರೇಡಿಯೋ ಹಾಕುವುದನ್ನೇ ಮರೆತೆ. ಅವನು ಕುಕ್ಕರಿನ ಪಕ್ಕ ನಿಂತು ಬಾಯಿಗೆ ಬಂದದ್ದು ಹಾಡುತ್ತಿದ್ದ. ಚಟ್ನಿಗೆ ಉಪ್ಪು ಕಡಿಮೆ ಎಂದು ಜಗಳ ತೆಗೆಯುತ್ತಿದ್ದ.

ಕೆಲಸದ ರೀತಿಯೂ ಬದಲಾಗುತ್ತಿತ್ತು. ಟೇಪು ಹೋಗಿ ಡಿವಿಡಿ ಬಂತು. ಗುಂಡಿ ಒತ್ತಿ ಹಿಂದೆ ಮುಂದೆ ಓಡಿಸುವ ಯಂತ್ರದ ಬದಲು ಕಂಪ್ಯೂಟರ್ ಬಂತು. ಬೇಗ ಬೇಗ ನೋಡುವುದು ಸಾಧ್ಯವಾಯಿತು. ಹೆಚ್ಚು ನೋಡಿದೆವು, ಕಡಿಮೆ ಕಂಡೆವು ಎಂದು ನನಗೆ ಅನ್ನಿಸುತ್ತದೆ. ತೋಳಿನ ಬಲಕ್ಕೆ ಮರುಳಾಗಿ ನಾನು ಮೇಲೆ ಹಾಕಿದ ಹುಡುಗನೊಬ್ಬ ದೊಡ್ಡ ತಂಡಕ್ಕೆ ಹೋಗಿ ಎರಡೇ ವರ್ಷದಲ್ಲಿ ಮಾಯವಾದ. ತೋಳು ಎಲ್ಲರಿಗೂ ಕಾಣುತ್ತದೆ, ಅದಕ್ಕೆ ನೀನು ಬೇಕಾಗಿಲ್ಲ ಎಂದು ಡೇಲ್ ಬೈದ. ಆ ಹುಡುಗ ಈಗ ಏನು ಮಾಡುತ್ತಿರಬಹುದೆಂದು ಆಗಾಗ ಯೋಚಿಸುತ್ತೇನೆ.

ಮಂಜು ಬಂದ ಮೂರನೆಯ ಸೀಸನ್ನಿನಲ್ಲಿ ನಮ್ಮ ಚೀಟಿಗಳು ತಾಳೆ ತಪ್ಪತೊಡಗಿದವು. ಸಣ್ಣ ಕಾಲೇಜಿನ ಹುಡುಗನೊಬ್ಬನ ಬಗ್ಗೆ ನಾನು, ಅಂಚಿನವರನ್ನು ಚೆನ್ನಾಗಿ ಕಾಣುತ್ತಾನೆ ಎಂದು ಬರೆದಿದ್ದೆ. ಮಂಜು, ಯಾರೂ ಇಲ್ಲದ ಕಡೆ ಕಣ್ಣುಮುಚ್ಚಿ ಎಸೆಯುತ್ತಾನೆ ಎಂದು ಬರೆದಿದ್ದ. ಡೇಲ್ ಎರಡೂ ಚೀಟಿ ತಂದು ನನ್ನ ಮುಂದಿಟ್ಟ.

"ನಿನ್ನ ತಮ್ಮನಿಗೆ ಏನಾಗಿದೆ? ಈ ವಾರ ಇದು ಮೊದಲನೆಯದಲ್ಲ."

"ನಿದ್ದೆ ಸಾಲದು. ನಾನು ಮಾತಾಡುತ್ತೇನೆ," ಎಂದೆ.

ಮಂಜುವನ್ನು ಕೂರಿಸಿ ಅದೇ ಭಾಗವನ್ನು ಮತ್ತೆ ಹಾಕಿದೆ.

"ಎಲ್ಲಿಗೆ ಎಸ್ದ ಹೇಳು."

"ಅಲ್ಲಿಗೆ. ಅಲ್ಲಿ ಯಾರೂ ಇರ್ಲಿಲ್ಲ."

"ಇವನ್ಯಾರು ಹಂಗಾದ್ರೆ? ನಿಮ್ ಭಾವಾನಾ?"

ಅವನು ಗೋಡೆಯ ತುದಿಗೆ ತಲೆ ತಿರುಗಿಸಿ ನೋಡಿದ. "ಓ, ಇದಾನೆ. ಆಗ ಇರ್ಲಿಲ್ಲ ಕಣಕ್ಕ."

"ಟೇಪಲ್ಲಿ ಆಗೊಬ್ಬ ಈಗೊಬ್ಬ ಬರ್ತಾರಾ? ಮನಸ್ಸೆಲ್ಲಿರುತ್ತೆ ನಿಂಗೆ?"

ಅವನು ಮನೆಯಲ್ಲೂ ಲೋಟ ತಗುಲಿಸಿ ಬೀಳಿಸುತ್ತಿದ್ದ, ಬಾಗಿಲ ಚೌಕಟ್ಟಿಗೆ ಹೆಗಲು ಬಡಿದುಕೊಳ್ಳುತ್ತಿದ್ದ. ಅಜಾಗರೂಕ ಎಂದು ಬೈಯುತ್ತಿದ್ದೆ. ಆ ಸಮಯದಲ್ಲಿ ಅವನ ರೆಸಿಡೆನ್ಸಿಗೆ, ಎಂದರೆ ಇಲ್ಲೇ ಕಾಯಂ ನೆಲಸುವ ಅನುಮತಿಗೆ, ಅರ್ಜಿ ಹೋಗಿತ್ತು. ಡೇಲ್ ಕೊಟ್ಟ ಕೆಲಸವಿದ್ದರೆ ಮಾತ್ರ ಅವನು ಇಲ್ಲಿ ಇರಬಹುದಿತ್ತು. ಕೆಲಸ ಹೋದರೆ ಊರಿಗೆ ಹೋಗಬೇಕು.

ನಾನು ಡಬ್ಬಿಯ ನಿಯಮ ಮುರಿದೆ. ಬೆಳಿಗ್ಗೆ ನಾನು ಮೊದಲು ನೋಡಿ, ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಅವನಿಗೆ ಹೇಳಿಬಿಡುತ್ತಿದ್ದೆ. "ಶುರುವಿನಲ್ಲೇ ಬಲಗಡೆ ತುದೀಲಿ ಒಬ್ಬ ಓಡ್ತಾನೆ, ಅವನನ್ನ ನೋಡು. ಆಮೇಲೆ ಎಡಗಡೆ." ಅವನು ತಲೆಯಾಡಿಸಿ ಮೊಸರನ್ನ ತಿನ್ನುತ್ತಿದ್ದ. ಚೀಟಿಗಳು ಮತ್ತೆ ಹೊಂದಿದವು. ಡೇಲ್ ಬೆನ್ನು ತಟ್ಟಿದ.

ಒಂದು ದಿನ ಮರೆತ ಕನ್ನಡಕ ತರಲು ಮಹಡಿಗೆ ಹೋದೆ. ಮಂಜು ಒಬ್ಬನೇ ಕುಳಿತು ನೋಡುತ್ತಿದ್ದ. ಬಾಗಿಲಲ್ಲಿ ನಾನು ನಿಂತದ್ದು ಅವನಿಗೆ ತಿಳಿಯಲಿಲ್ಲ. ಗೋಡೆಯ ಬೆಳಕಿಗೆ ಅವನ ತಲೆ ಕಪ್ಪಾಗಿ ಕಾಣುತ್ತಿತ್ತು. ಅದು ಅತ್ತ ಪೂರ್ತಿ ತಿರುಗಿತು, ಇತ್ತ ಪೂರ್ತಿ ತಿರುಗಿತು. ನಾನು ಹೇಳಿಕೊಟ್ಟ ತುದಿಗಳನ್ನು ಹುಡುಕುತ್ತಿತ್ತು.

ಅಷ್ಟು ವರ್ಷ ಅಂಥ ಕುತ್ತಿಗೆಗಳನ್ನು ನೋಡಿ ಬರೆದವಳು ನಾನು. ನೋಡಿದ ಕೂಡಲೇ ತಿಳಿಯಿತು. ಅವನ ಮನಸ್ಸು ಸರಿಯಾಗಿಯೇ ಇತ್ತು, ಅಂಚು ಕಾಣುತ್ತಿರಲಿಲ್ಲ. ಕನ್ನಡಕ ತೆಗೆದುಕೊಳ್ಳದೆ ಮೆಟ್ಟಿಲಿಳಿದು ಬಂದೆ. ಅವನಿಗೂ ಹೇಳಲಿಲ್ಲ, ಡೇಲನಿಗೂ ಹೇಳಲಿಲ್ಲ.

ಅದಾದ ಕೆಲವೇ ದಿನಗಳಲ್ಲಿ ಸಿನಾ ಅಂಗಳದಲ್ಲಿ ಮಂಜುವಿನ ಕಡೆ ಚೆಂಡು ಎಸೆದಳಂತೆ. ನನ್ನ ಬಳಿ ಬಂದು ಹೇಳಿದಳು: "ಪಕ್ಕದಿಂದ ಬಂದ ಚೆಂಡು ಕಿವಿಗೆ ಬಡಿಯೋ ತನಕ ಅವನಿಗೆ ಗೊತ್ತೇ ಆಗಲಿಲ್ಲ. ಕಣ್ಣು ತೋರಿಸು."

"ಚಿಕ್ಕಂದಿನಿಂದ ಅವನು ಹಾಗೇ. ಗಮನ ಕಡಿಮೆ," ಎಂದೆ.

ಸಿನಾ ನನ್ನನ್ನೇ ನೋಡಿದಳು. "ನೀನು ನೋಡೋ ಕೆಲಸ ಮಾಡೋಳು," ಎಂದಷ್ಟೇ ಹೇಳಿ ಹೋದಳು.

ಸೀಸನ್ ಮುಗಿಯಲಿ, ರೆಸಿಡೆನ್ಸಿ ಬರಲಿ, ಆಮೇಲೆ ಕರೆದುಕೊಂಡು ಹೋದರಾಯಿತು ಎಂದು ದಿನ ತಳ್ಳಿದೆ. ಕಣ್ಣು ಎಲ್ಲಿ ಓಡಿ ಹೋಗುತ್ತದೆ ಎಂದುಕೊಂಡೆ. ಕ್ರಿಸ್ಮಸ್ ರಜೆ ಕಳೆದ ಮೇಲೆ ರೆಸಿಡೆನ್ಸಿ ಬಂತು. ಶಾವಿಗೆ ಪಾಯಸ ಮಾಡಿದೆ. ಮಂಜು ಮರುವಾರವೇ ಇಲ್ಲಿನ ಡ್ರೈವಿಂಗ್ ಲೈಸೆನ್ಸ್ ಮಾಡಿಸಲು ಹೋದ. ಅಲ್ಲಿ ಕೌಂಟರಿನಲ್ಲಿ ಒಂದು ಯಂತ್ರಕ್ಕೆ ಮುಖ ಒಡ್ಡಿ, ಪಕ್ಕದಲ್ಲಿ ಮಿನುಗುವ ದೀಪ ಕಂಡಿತೇ ಎಂದು ಹೇಳಬೇಕು. ಯಾವಾಗ ದೀಪ ಹಾಕುತ್ತೀರಿ ಎಂದು ಅವನು ಕೇಳಿದನಂತೆ. ಹಾಕಿ ಆಗಿತ್ತು.

ಅದು ಗ್ಲಾಕೋಮಾ. ಕಣ್ಣೊಳಗಿನ ಒತ್ತಡ ನರವನ್ನು ಕೆಡಿಸುತ್ತಾ, ಅಂಚಿನಿಂದ ನಡುವಿನ ಕಡೆಗೆ ನೋಟವನ್ನು ತಿನ್ನುತ್ತಾ ಬರುವ ಕಾಯಿಲೆ. ನೋವಿಲ್ಲ, ಇದ್ದವನಿಗೇ ತಿಳಿಯುವುದಿಲ್ಲ. ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಹನಿ ಹಾಕಿ ಹಿಡಿದಿಡಲು ನೋಡೋಣ ಎಂದರು ಆಸ್ಪತ್ರೆಯ ಡಾಕ್ಟರಮ್ಮ. ಲಕ್ಷಣಗಳನ್ನು ಕೇಳಿ, ಈ ಒಂದು ವರ್ಷದಲ್ಲೇ ಬಹಳ ಬೇಗ ಹೋಗಿರಬೇಕು ಎಂದೂ ಹೇಳಿದರು.

"ವಿಡಿಯೋ ನೋಡುವ ಕೆಲಸ ಅಂತೀರಿ. ಅಲ್ಲಿ ಯಾರ ಗಮನಕ್ಕೂ ಬರಲಿಲ್ಲವೇ?"

ಮಂಜು ಅವರ ಇಂಗ್ಲಿಷಿಗೆ ತನ್ನ ಇಂಗ್ಲಿಷಿನಲ್ಲಿ, "ಇಲ್ಲ, ಅಕ್ಕ ಸಹಾಯ ಮಾಡುತ್ತಿದ್ದಳು," ಎಂದ.

ಅವರು ನನ್ನ ಕಡೆ ನೋಡಿ ಮುಗುಳ್ನಕ್ಕರು. ಇಂಥ ಅಕ್ಕ ಇರುವುದು ಅದೃಷ್ಟ ಎಂದರು. ಒಡಹುಟ್ಟಿದವರಿಗೂ ಬರಬಹುದಾದ್ದರಿಂದ ನಾನೂ ತೋರಿಸಿಕೊಳ್ಳಬೇಕಾಯಿತು. ನನಗೆ ಏನೂ ಇರಲಿಲ್ಲ. ಅಂಚಿನ ದೀಪಗಳೆಲ್ಲ ಕಂಡವು.

ಮಂಜು ಡೇಲನ ಕೆಲಸ ಬಿಟ್ಟ. ಕ್ರೈಸ್ಟ್‌ಚರ್ಚಿನ ಹಾರ್ನ್‌ಬಿಯಲ್ಲಿ ನಮ್ಮ ಊರಿನವನೊಬ್ಬ ಗೋದಾಮಿನ ಮೇಲ್ವಿಚಾರಕನಾಗಿದ್ದ. ಒಂದೇ ಮೇಜಿನಲ್ಲಿ ಕುಳಿತು ಮಾಡುವ ಪ್ಯಾಕಿಂಗ್ ಕೆಲಸ ಕೊಡಿಸಿದ. ಇಲ್ಲೇ ಇರು ಎಂದೆ. ನಿನಗೆ ಭಾರ ಆಗಲಾರೆ ಎಂದು ಹೊರಟ. ಡೇಲ್ ನನ್ನನ್ನು ಏನೂ ಕೇಳಲಿಲ್ಲ. ಒಮ್ಮೆ ಮಾತ್ರ, ಚೀಟಿ ಜೋಡಿಸುತ್ತಾ, "ಆ ವರ್ಷ ನಿಮ್ಮ ಚೀಟಿಗಳು ಇದ್ದಕ್ಕಿದ್ದಂತೆ ಹೊಂದತೊಡಗಿದಾಗ ನಾನು ಸಂತೋಷಪಟ್ಟೆ. ಅನುಮಾನ ಪಡಬೇಕಾಗಿತ್ತು," ಎಂದ. ಈ ಕೆಲಸಕ್ಕೆ ಬರುವ ಮಕ್ಕಳೇ, ನನ್ನ ಅನುಭವದಲ್ಲಿ ನಿಮಗೆ ಉಪಯೋಗಕ್ಕೆ ಬರುವ ಮಾತು ಇದೊಂದೇ ಇರಬಹುದು. ಜೊತೆಯವರ ಲೆಕ್ಕ ನಿಮ್ಮದರ ಜೊತೆ ಹೊಂದದಿದ್ದರೆ ಬೈಯಬೇಡಿ, ಮುಚ್ಚಲೂ ಬೇಡಿ. ಅದು ಏನನ್ನೋ ಹೇಳುತ್ತಿರುತ್ತದೆ.

ಆ ದಶಕ ಮುಗಿಯುವ ಹೊತ್ತಿಗೆ ಎಲ್ಲವನ್ನೂ ಅಮೆರಿಕದಲ್ಲೇ ಕಂಪ್ಯೂಟರಿನಲ್ಲಿ ಮಾಡಿಕೊಳ್ಳುವಂತಾಗಿ ಆಫೀಸು ಮುಚ್ಚಿತು. ನಾನು ಮತ್ತೆ ಕೆಳಗಿನ ಗೋದಾಮಿಗೆ ಇಳಿದೆ, ಪಿಂಚಣಿ ಬರುವವರೆಗೆ ಅಲ್ಲೇ ದುಡಿದೆ. ಮಂಜುವಿಗೆ ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದೆ. ಹನಿ ಹಾಕಿದರೂ ನೋಟ ಕಿರಿದಾಗುತ್ತಲೇ ಹೋಯಿತು. ಪೈಪಿನಲ್ಲಿ ಇಣುಕಿದಂತೆ ಕಾಣುತ್ತದೆ ಎಂದು ನಗುತ್ತಾ ಹೇಳುತ್ತಿದ್ದ. ಪ್ರತಿ ಸಲವೂ ಹೇಳಿಬಿಡಬೇಕೆಂದು ಫೋನ್ ಎತ್ತುತ್ತಿದ್ದೆ, ಊಟವಾಯಿತೇ ಎಂದು ಕೇಳಿ ಇಡುತ್ತಿದ್ದೆ.

ಕೆಲಸ ಬಿಟ್ಟ ಮೇಲೆ, ಹೋದ ಚಳಿಗಾಲದಲ್ಲಿ, ಹೇಳಲೆಂದೇ ಹಾರ್ನ್‌ಬಿಗೆ ಹೋದೆ. ಅವನು ಅಡುಗೆಮನೆಯ ಮೇಜಿನಲ್ಲಿ ಬೀನ್ಸ್ ಬಿಡಿಸುತ್ತಿದ್ದ. ಮಹಡಿಯ ಬಾಗಿಲಲ್ಲಿ ನಿಂತು ಕಂಡದ್ದನ್ನು ಹೇಳಿದೆ. ಅವನ ಕೈ ನಿಂತಿತು.

"ಗೊತ್ತಾದ್ಮೇಲೆ ಎಷ್ಟು ದಿನ ಸುಮ್ನಿದ್ದೆ?"

"ಸೀಸನ್ ಮುಗಿಯೋ ತನಕ. ರೆಸಿಡೆನ್ಸಿ ಬರ್ಲಿ ಅಂತ."

"ನನ್ ಕೇಳ್ಬೋದಿತ್ತಲ್ಲ."

"ಕೇಳಿದ್ರೆ ಏನಂತಿದ್ದೆ?"

"ಊರಿಗೆ ಹೋಗ್ತೀನಿ, ಕಣ್ಣು ಉಳೀಲಿ ಅಂತಿದ್ದೆ. ಯಾರ್ ಬೇಕಾದ್ರೂ ಹಂಗೇ ಅಂತಾರೆ. ನಿಂಗದು ಗೊತ್ತಿತ್ತು, ಅದಕ್ಕೇ ಕೇಳ್ಲಿಲ್ಲ." ಇನ್ನೊಂದು ಬೀನ್ಸ್ ಬಿಡಿಸಿ ಮತ್ತೆ ಹೇಳಿದ. "ರೆಸಿಡೆನ್ಸಿ ನೆಪ ಅಕ್ಕ. ನಾನು ಹೋದ್ರೆ ನೀನು ಒಬ್ಳೇ ಆಗ್ತಿದ್ದೆ. ಅದಕ್ಕೆ ಇಟ್ಕೊಂಡೆ. ಅಲ್ವಾ?"

"ಅಲ್ಲ," ಎಂದೆ. "ನಿನ್ ಒಳ್ಳೇದಕ್ಕೆ."

ಅವನು ಬೀನ್ಸಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಮೇಜಿನ ಅಂಚನ್ನು ಕೈಯಿಂದ ಹುಡುಕಿ ಎದ್ದ. ಅನ್ನ ಮಾಡಿದ, ಬಡಿಸಿದ. ನಾನು ಹೊರಡುವಾಗ, "ಕೆಲವು ದಿನ ಫೋನ್ ಮಾಡ್ಬೇಡ. ನಾನೇ ಮಾಡ್ತೀನಿ," ಎಂದ. ಈವರೆಗೆ ಮಾಡಿಲ್ಲ.

ಈ ಪತ್ರಿಕೆ ಹಾರ್ನ್‌ಬಿಗೂ ಹೋಗುತ್ತದೆ. ಅವನು ಕನ್ನಡವನ್ನು ಈಗಲೂ ತಾನೇ ಓದುತ್ತಾನೆ, ಯಾರಿಂದಲೂ ಓದಿಸಿಕೊಳ್ಳುವುದಿಲ್ಲ. ಒಂದು ಬಾರಿಗೆ ಒಂದೆರಡು ಪದಗಳಷ್ಟೇ ಕಾಣುವುದರಿಂದ, ಉದ್ದದ ಸಾಲಾದರೆ ಮೊದಲಿಂದ ಹುಡುಕಿಕೊಂಡು ಬರಬೇಕಾಗುತ್ತದೆ. ಅವನು ಅಂದು ಕೊನೆಗೆ ಕೇಳಿದ ಪ್ರಶ್ನೆಗೆ ನಾನು ಸುಳ್ಳು ಹೇಳಿದ್ದೆ. ನಿಜವಾದ ಉತ್ತರವನ್ನು ಒಂದೇ ನೋಟಕ್ಕೆ ಸಿಗುವಂತೆ, ಬೇರೆ ಸಾಲಿನಲ್ಲಿ ಬರೆಯುತ್ತೇನೆ.

ಹೌದು, ಮಂಜು.